ಹಡಗಿನ ಗೋಡೆಯ ಇಪ್ಪತ್ಮೂರು ಸಾಲು

ಸಂಪತ್‌ನ ಹೆಣವನ್ನು ತರಕಾರಿ ಕೋಣೆಯಲ್ಲಿಟ್ಟರು. ಮಾಂಸದ ಕೋಣೆಯಲ್ಲಿ ಇನ್ನೂ ನಾಲ್ಕು ಪೆಟ್ಟಿಗೆ ಕೋಳಿ ಉಳಿದಿತ್ತು. ತರಕಾರಿ ಕೋಣೆ ಹೇಗೂ ಖಾಲಿ. ಹೆಣದ ಕಾಲ ಕಡೆ ಹಿಡಿದವನು ಗೋಪಾಲ. ತಣ್ಣನೆಯ ಬಾಗಿಲು ಮುಚ್ಚಿ ತಿರುಗುವಷ್ಟರಲ್ಲಿ ಸೆಕೆಂಡ್ ಇಂಜಿನಿಯರ್ ಗಡಿಯಾರ ತೋರಿಸಿದ. ಸತ್ತವನ ಪಾಳಿಯನ್ನು ಇದ್ದವನು ಮಾಡಬೇಕು. ಗೋಪಾಲ ಕೆಳಗಿಳಿದು ಹೋಗಿ ಹದಿನೆಂಟು ಗಂಟೆ ದುಡಿದ.

ಗೋಪಾಲ ಹರಿಕಂತ್ರ ಅಂಕೋಲೆ ಕಡೆಯ ಬೆಲೇಕೇರಿಯವನು. ಸಂಪತ್ ಹೊನ್ನಾವರದವನು. ಇಬ್ಬರೂ ಮಿರಾಂಡೋ ಗ್ರೇಸ್ ಎಂಬ ಹಡಗಿನ ಇಂಜಿನ್ ಕೋಣೆಯಲ್ಲಿ ಆಯಿಲರುಗಳು. ಯಂತ್ರಕ್ಕೆ ಎಣ್ಣೆ ಕೊಡುವುದು, ಒರೆಸುವುದು, ಶಾಖ ನೋಡುವುದು, ಟ್ಯಾಂಕ್ ಅಳೆಯುವುದು. ಈ ಕೆಲಸಕ್ಕೆ ಮೂವರಿರಬೇಕು. ಕಂಪನಿ ಇಬ್ಬರಲ್ಲಿ ಮುಗಿಸಿತ್ತು. ಆರು ಗಂಟೆ ಕೆಲಸ, ಆರು ಗಂಟೆ ಬಿಡುವು, ಮತ್ತೆ ಆರು ಗಂಟೆ ಕೆಲಸ. ಹಡಗಿನಲ್ಲಿದ್ದ ಇಪ್ಪತ್ತು ಜನರಲ್ಲಿ ಯಾರಿಗೂ ಎಂಟು ತಿಂಗಳಿಂದ ಸಂಬಳ ಬಂದಿರಲಿಲ್ಲ.

ಒಮಾನಿನಲ್ಲಿ ಜಿಪ್ಸಮ್ ಹೇರಿಕೊಂಡು ಹಡಗು ಆಸ್ಟ್ರೇಲಿಯಾಕ್ಕೆ ಹೊರಟಿತ್ತು. ಅರ್ಧ ಸರಕು ಸಿಡ್ನಿಗೆ, ಅರ್ಧ ಮೆಲ್ಬರ್ನ್‌ಗೆ. ಸಿಡ್ನಿಗೆ ಇಪ್ಪತ್ಮೂರು ದಿನದ ದಾರಿ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ ಹೊರಡುವ ಮೊದಲೇ ಕೆಟ್ಟಿತ್ತು. ಬಿಡಿಭಾಗ ಕೇಳಿದರೆ ಕಂಪನಿ ಮುಂದಿನ ಬಂದರಿನಲ್ಲಿ ನೋಡೋಣ ಎಂದಿತು. ಬಂದರಿನಲ್ಲಿ ಟ್ಯಾಂಕನ್ನೂ ತುಂಬಿಸಲಿಲ್ಲ. ಅಲ್ಲಿ ನೀರಿಗೂ ದುಡ್ಡು. ಮೂರನೆಯ ದಿನ ಕ್ಯಾಪ್ಟನ್ ನೀರಿನ ವಾಲ್ವ್‌ಗೆ ಬೀಗ ಹಾಕಿಸಿದ. ತಲೆಗೆ ಎರಡು ಲೀಟರ್. ಕುಡಿಯಲು, ಬಾಯಿ ತೊಳೆಯಲು, ಎಲ್ಲಕ್ಕೂ ಅಷ್ಟೇ. ಮೇಲಿನ ಅಧಿಕಾರಿಗಳಿಗೆ ಬಾಟಲಿ ನೀರಿನ ಪೆಟ್ಟಿಗೆಗಳಿದ್ದವು.

ಇಂಜಿನ್ ಕೋಣೆಯಲ್ಲಿ ನಲವತ್ತೆಂಟು ಡಿಗ್ರಿ. ಆ ಶಾಖದಲ್ಲಿ ದುಡಿಯುವ ಮೈ ಗಂಟೆಗೆ ಒಂದು ಲೀಟರ್ ಬೆವರು ಸುರಿಸುತ್ತದೆ. ದಿನಕ್ಕೆ ಹನ್ನೆರಡು ಲೀಟರ್ ಹೊರಗೆ, ಎರಡು ಲೀಟರ್ ಒಳಗೆ. ಮನುಷ್ಯ ಎಷ್ಟು ದಿನ ನಿಲ್ಲುತ್ತಾನೆಂದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ.

ಟ್ಯಾಂಕ್ ಅಳೆಯುವುದು ಬೆಳಗಿನ ಕೆಲಸ. ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಕೊಳವೆಯೊಳಗೆ ಇಳಿಬಿಟ್ಟು, ಎಳೆದು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಬೇಕು. ಆಯಿಲರ್‌ನ ಕೈ ಯಾವಾಗಲೂ ಎಣ್ಣೆ. ಎಣ್ಣೆ ಕೈಯಲ್ಲಿ ಹಡಗಿನ ದಾಖಲೆ ಪುಸ್ತಕ ಮುಟ್ಟಿದರೆ ಬೈಗುಳ. ಅದಕ್ಕೇ ಕೊಳವೆಯ ಪಕ್ಕದ ಉಕ್ಕಿನ ಗೋಡೆಯ ಮೇಲೆ ಮಾರ್ಕರ್‌ನಿಂದ ಅಂಕಿ ಗೀಚಿಟ್ಟು, ಆಮೇಲೆ ಕೈ ತೊಳೆದು ಪುಸ್ತಕಕ್ಕೆ ಏರಿಸುವುದು ರೂಢಿ. ಎರಡನೆಯ ದಿನ ಸೆಕೆಂಡ್ ಇಂಜಿನಿಯರ್ ಬಂದು ಗೋಡೆಯ ಅಂಕಿಗಳನ್ನು ಥಿನ್ನರ್ ಹಾಕಿ ಒರೆಸಿದ. ಇನ್ನು ಪುಸ್ತಕದಲ್ಲಿ ತಾನೇ ಬರೆಯುವುದಾಗಿ ಹೇಳಿದ. ಅಂದಿನಿಂದ ಅವನ ಪುಸ್ತಕದಲ್ಲಿ, ಕೆಟ್ಟು ಬಿದ್ದ ಯಂತ್ರ ದಿನಕ್ಕೆ ಹನ್ನೆರಡು ಟನ್ ನೀರು ಮಾಡತೊಡಗಿತು.

ಸಂಪತ್ ಮೊಂಡ. ಒರೆಸಿದ ಜಾಗದಲ್ಲೇ ಮೊದಲಿಂದ ಬರೆದ. ಈ ಸಲ ಕನ್ನಡ ಅಂಕಿಯಲ್ಲಿ. ದಿನ, ನೀರು, ಶಾಖ. ೧, ೧೪೦, ೪೪. ೨, ೧೩೧, ೪೫.

ಸೆಕೆಂಡ್ ಇಂಜಿನಿಯರ್ ನೋಡಿ ಇದೇನು ನಿಮ್ಮ ದೇವರ ಮಂತ್ರವೋ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಯೆಸ್ ಸರ್, ಮಂತ್ರ," ಎಂದ ಸಂಪತ್. ಅವನು ಬೆನ್ನು ತಿರುಗಿಸಿದ ಮೇಲೆ ಗೋಪಾಲನಿಗೆ ಹೇಳಿದ, "ಜಲದೇವತೆ ಮಂತ್ರ ಮಾರಾಯ. ದಿನಾ ಹೇಳ್ಬೇಕು. ಬಿಟ್ರೆ ಪಾಪ ಬರ್ತದೆ."

ಆರನೆಯ ದಿನದ ಸಾಲು ಓರೆಯಾಗಿತ್ತು. ೬, ೧೧೦, ೪೮. ಟ್ಯಾಂಕಿನಲ್ಲಿ ನೂರಹತ್ತು ಸೆಂಟಿಮೀಟರ್ ನೀರಿತ್ತು. ನೀರು ಇರಲಿಲ್ಲವೆಂದಲ್ಲ. ಬೀಗದ ಹಿಂದೆ ಇತ್ತು. ಆ ಮಧ್ಯಾಹ್ನ ಸಂಪತ್‌ನ ಬೆವರು ನಿಂತಿತು. ಮೈ ಒಣಗಿ, ಹೆಂಚಿನ ಹಾಗೆ ಕಾದು, ಬಾಯಿಂದ ಸಂಬಂಧವಿಲ್ಲದ ಮಾತು ಬರತೊಡಗಿತು. ಆಮೇಲೆ ಬಿದ್ದ. ಗೋಪಾಲ ಅವನನ್ನು ಹೆಗಲ ಮೇಲೆ ಹಾಕಿಕೊಂಡು ನಾಲ್ಕು ಏಣಿ ಹತ್ತಿದ. ಉಪ್ಪುನೀರಿನಲ್ಲಿ ಅದ್ದಿದ ಗೋಣಿ ಹೊದಿಸಿದ. ಬೀಗ ತೆಗೆಯಿರಿ ಎಂದು ಕ್ಯಾಪ್ಟನ್ನನ ಬಾಗಿಲಲ್ಲಿ ನಿಂತ. ಮಾಲ್ದೀವ್ಸ್ ಒಂದು ದಿನದ ದಾರಿ, ಅಲ್ಲಿ ಆಸ್ಪತ್ರೆ ಇದೆ, ಹಡಗು ತಿರುಗಿಸಿ ಎಂದ. ಕಂಪನಿಗೆ ಬರೆದಿದ್ದೇನೆ, ಕಾಯಿ ಎಂದು ಕ್ಯಾಪ್ಟನ್ ಬಾಗಿಲು ಹಾಕಿಕೊಂಡ. ಹಡಗು ತಿರುಗಲಿಲ್ಲ. ಎಂಟನೆಯ ದಿನ ಬೆಳಗಾಗುವ ಹೊತ್ತಿಗೆ ಸಂಪತ್ ಸತ್ತ.

ಗೋಪಾಲ ಗೋಡೆಯ ಮೇಲೆ ಬರೆಯುವುದನ್ನು ಬಿಡಲಿಲ್ಲ. ಏಳನೆಯ ಸಾಲಿನಿಂದ ಅವನ ಅಕ್ಷರ. ಬಿಡುವಿನಲ್ಲಿ ಅದನ್ನೇ ಒಂದು ಪುಸ್ತಕಕ್ಕೆ ಇಳಿಸಿ, ಯಾರು ಏನು ಹೇಳಿದರು, ಎಷ್ಟು ಗಂಟೆಗೆ ಹೇಳಿದರು ಎಂದೂ ಬರೆದ.

ಸಿಡ್ನಿ ಬಂದರಿನ ಧಕ್ಕೆಯಲ್ಲಿ ಅಧಿಕಾರಿಗಳು ಬಂದು ಹೆಣ ಇಳಿಸಿಕೊಂಡರು. ಅವರಿಗೆ ಕ್ಯಾಪ್ಟನ್ ತೋರಿಸಿದ್ದು ಹನ್ನೆರಡು ಟನ್ನಿನ ಪುಸ್ತಕ. ಅದೇ ದಿನ ಸಿಡ್ನಿಯ ಹೊರವಲಯದ ಪ್ಯಾರಮಟ್ಟಾದಿಂದ ಹಡಗಿನ ಕಂಪನಿಯ ಆಫೀಸಿನವನು ಬಂದ. ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಹೆಸರು ಶ್ರೀನಾಥ್.

"ಅಯ್ಯೋ, ನೀವು ಕನ್ನಡದೋರಾ? ಅಂಕೋಲಾನಾ? ನಾವು ಗೋಕರ್ಣಕ್ಕೆ ಬಂದಿದ್ವಿ ಗುರು, ಸೂಪರ್ ಬೀಚು! ಬನ್ನಿ ಬನ್ನಿ, ಏನಾದ್ರೂ ತಿನ್ನೋಣ."

ಕಾರಿನ ಸೀಟಿನ ಮೇಲೆ ಮೊದಲು ಪೇಪರ್ ಹಾಸಿ ಆಮೇಲೆ ಗೋಪಾಲನನ್ನು ಕೂರಿಸಿದ. "ಎಣ್ಣೆ ಅಲ್ವಾ, ಲೆದರ್‌ಗೆ ಹಿಡ್ಕೊಂಡ್ರೆ ಹೋಗಲ್ಲ," ಎಂದು ನಕ್ಕ. ಪ್ಯಾರಮಟ್ಟಾದ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ಎಂಟು ತಿಂಗಳ ಮೇಲೆ, ಸಂಪತ್‌ನನ್ನು ಬಿಟ್ಟರೆ ಬೇರೆ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು. ಗೋಪಾಲನಿಗೆ ದೋಸೆ ಇಳಿಯಲಿಲ್ಲ. ಅತ್ತ. ಅತ್ತು ಎಲ್ಲವನ್ನೂ ಹೇಳಿದ. ಪುಸ್ತಕವಿದೆ ಎಂದೂ ಹೇಳಿದ.

"ಬುಕ್ ಇದ್ಯಾ? ಕೊಡಿ, ಸ್ಕ್ಯಾನ್ ಮಾಡಿ ಹೆಡ್ ಆಫೀಸ್‌ಗೆ ಕಳಿಸ್ತೀನಿ. ನಮ್ಮೋರಿಗೆ ನಾವ್ ಆಗ್ದೆ ಇನ್ಯಾರ್ ಆಗ್ತಾರೆ?"

ಗೋಪಾಲ ಪುಸ್ತಕ ಕೊಟ್ಟ. ಪರವೂರಿನಲ್ಲಿ ನಮ್ಮ ಮಾತು ಆಡಿದವನೇ ನಮ್ಮವನು ಎಂದು ನಂಬುವವರ ತಪ್ಪು ಅದು. ಅವನೂ ಅದನ್ನೇ ಮಾಡಿದ.

ಮೆಲ್ಬರ್ನ್ ತಲುಪಿದ ಮಾರನೆಯ ಬೆಳಿಗ್ಗೆ ಸಂಪತ್‌ನ ಹೆಂಡತಿ ಚಂದ್ರಪ್ರಭಾ ಫೋನ್ ಮಾಡಿದಳು.

"ಗೋಪಾಲಣ್ಣ, ಕಂಪನಿಯವ್ರು ಫೋನ್ ಮಾಡಿದ್ರು. ಅವ್ರಿಗೆ ಮೊದಲಿಂದ್ಲೂ ಹಾರ್ಟಿನ ತೊಂದ್ರೆ ಇತ್ತು ಹೇಳಿ ಹೇಳ್ತಾರೆ. ಅವ್ರಿಗೆ ಒಂದು ಶೀತ ಆದದ್ದೂ ನಂಗೆ ನೆನಪಿಲ್ಲ. ಎಂತ ಆಯ್ತು ಅಲ್ಲಿ? ಖರೆ ಹೇಳಿ."

"ಹೇಳ್ತೆ ತಂಗಿ. ಸ್ವಲ್ಪ ತಡಿ."

"ಯಾರೂ ಹೇಳೂದಿಲ್ಲ. ನೀವೂ ತಡಿ ಹೇಳ್ತ್ರಿ," ಎಂದು ಅವಳು ಇಟ್ಟುಬಿಟ್ಟಳು.

ಏಣಿಯ ಬಳಿ ಹಡಗಿನ ಥರ್ಡ್ ಆಫೀಸರ್ ಕಾಯುತ್ತಿದ್ದ. ಸಂಪತ್ ಬಿದ್ದ ದಿನ ರೇಡಿಯೋ ಪಾಳಿ ಅವನದಾಗಿತ್ತು. ಕಂಪನಿಯಿಂದ ಬಂದ ಉತ್ತರವನ್ನು ಕಣ್ಣಾರೆ ಓದಿದ್ದ. ಅದನ್ನು ಗೋಪಾಲನ ಕಿವಿಯಲ್ಲಿ ಹೇಳಿ ಸರಸರನೆ ಮೇಲೆ ಹೋದ. ಎರಡೇ ಸಾಲು: ಪ್ರಯಾಣ ಮುಂದುವರಿಸಿ. ಓಆರ್‌ಎಸ್ ಕೊಡಿ. ಕೆಳಗೆ ಹೆಸರು, ಶ್ರೀನಾಥ್, ಪ್ಯಾರಮಟ್ಟಾ.

ಶ್ರೀನಾಥ್ ಆ ಹೊತ್ತಿಗೆ ವಿಮಾನದಲ್ಲಿ ಬಂದು ಊಟದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದ. ಮುಂದೆ ಕಾಗದಗಳ ಎರಡು ರಾಶಿ. ಸಾಲಿನಲ್ಲಿ ನಿಂತ ಒಬ್ಬೊಬ್ಬರೂ ಬಗ್ಗಿ ಸಹಿ ಹಾಕಿ ತಲೆ ತಗ್ಗಿಸಿ ಹೋಗುತ್ತಿದ್ದರು. ಅವರಿಗೆ ಮನೆ ಸೇರಬೇಕಿತ್ತು. ಸಹಿ ಹಾಕಿದವರಿಗೆ ಮುಂದಿನ ಬಂದರಿನಿಂದ ವಿಮಾನದ ಟಿಕೆಟ್. ಸಂಜೆ ಐದಕ್ಕೆ ಹಡಗನ್ನು ಬಂದರಿನಿಂದ ದಾಟಿಸುವ ಪೈಲಟ್ ಹತ್ತುತ್ತಾನೆ, ಹಡಗು ಹೊರಡುತ್ತದೆ. ಹೊರಟ ಮೇಲೆ ಇಂಜಿನ್ ಕೋಣೆಯ ಗೋಡೆಗಳಿಗೆಲ್ಲ ಹೊಸ ಬಣ್ಣ ಎಂದು ಸೆಕೆಂಡ್ ಇಂಜಿನಿಯರ್ ಆಗಲೇ ಡಬ್ಬಗಳನ್ನು ಇಳಿಸಿಟ್ಟಿದ್ದ.

"ಬನ್ನಿ ಗೋಪಾಲ್. ಇಲ್ಲೊಂದು, ಇಲ್ಲೊಂದು. ಎರಡೇ ಸೈನು."

"ಎಂತ ಬರ್ದಿದೆ ಇದ್ರಲ್ಲಿ?"

"ಫಾರ್ಮಾಲಿಟಿ ಅಷ್ಟೆ. ಮೂರು ತಿಂಗಳ ಸ್ಯಾಲರಿ, ಅಲ್ಲಿಗೆ ಫೈನಲ್ ಸೆಟಲ್‌ಮೆಂಟ್. ಎರಡನೇದು ಸಂಪತ್ ವಿಷ್ಯ. ಅವ್ರಿಗೆ ಹಾರ್ಟ್ ಪ್ರಾಬ್ಲಂ ಇತ್ತು, ಹಡಗಲ್ಲಿ ನೀರಿಗೇನೂ ಕೊರತೆ ಇರ್ಲಿಲ್ಲ ಅಂತ."

"ನನ್ನ ಪುಸ್ತಕ ಎಲ್ಲಿ?"

"ಯಾವ ಪುಸ್ತಕ?"

ಗೋಪಾಲ ಅವನ ಮುಖ ನೋಡಿದ. ಆ ಮುಖದಲ್ಲಿ ಅಳುಕಿರಲಿಲ್ಲ.

"ಓಆರ್‌ಎಸ್ ಕೊಡಿ ಹೇಳಿ ಬರೆದವ್ರು ನೀವಾ?"

ಶ್ರೀನಾಥ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನಾನು ಡೆಸ್ಕ್‌ನಲ್ಲಿ ಕೂರೋನು ಗುರು. ಮೇಲಿಂದ ಹೇಳಿದ್ದನ್ನ ಕೆಳಗೆ ಫಾರ್ವರ್ಡ್ ಮಾಡ್ತೀನಿ. ನಂಗೂ ಮಾರ್ಟ್‌ಗೇಜ್ ಇದೆ, ಮಗು ಸ್ಕೂಲಿದೆ."

"ಓಆರ್‌ಎಸ್ ಪುಡಿ. ಕಲಸೂದಕ್ಕೆ ನೀರು ಬೇಕಲ್ಲ. ಎಲ್ಲಿಂದ ತರೂದು, ಅದನ್ನ ಬರೀಲಿಲ್ಲ ನೀವು."

"ನೋಡು." ಶ್ರೀನಾಥನ ಬಹುವಚನ ಅಲ್ಲಿಗೆ ಮುಗಿಯಿತು. "ಸೈನ್ ಹಾಕ್ಲಿಲ್ಲ ಅಂದ್ರೆ ಈ ಜನ್ಮದಲ್ಲಿ ಇನ್ನೊಂದು ಹಡಗು ಹತ್ತಲ್ಲ ನೀನು. ಎಲ್ಲಾ ಏಜೆಂಟ್‌ಗಳಿಗೂ ನಿನ್ನ ಹೆಸರು ಹೋಗುತ್ತೆ. ಊರಿಗೆ ಹೋಗಿ ಮೀನು ಹಿಡ್ಕೊಂಡಿರ್ತೀಯ."

"ಮೀನು ಹಿಡಿಯೂದು ಬರ್ತದೆ ನಂಗೆ. ಸತ್ತವನ ಮೇಲೆ ಸುಳ್ಳು ಬರೆಯೂದು ಬರೂದಿಲ್ಲ."

ಗೋಪಾಲ ಪೆನ್ನು ಮುಟ್ಟಲಿಲ್ಲ. ತನ್ನ ಎಣ್ಣೆ ಕೈಯನ್ನು ಎರಡೂ ಕಾಗದಗಳ ಮೇಲೆ ಊರಿ ಉದ್ದಕ್ಕೆ ಎಳೆದ. ಮಣಿಕಟ್ಟಿನವರೆಗೆ ಕಪ್ಪು ಬಳಿಯಿತು. "ನಂದು ಇಷ್ಟೇ ಸೈನು," ಎಂದ. ಹಿಂದೆ ಸಾಲಿನಲ್ಲಿದ್ದ ಅಡುಗೆಯವನು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ.

ದಂಡೆಗೆ ಇಳಿಯುವ ಪಾಸು ಗೋಪಾಲನ ಜೇಬಿನಲ್ಲೇ ಇತ್ತು. ಬಂದರಿನಿಂದ ಸ್ವಲ್ಪ ದೂರದಲ್ಲಿ ನಾವಿಕರಿಗೆ ಚಹಾ, ವೈಫೈ ಕೊಡುವ ಒಂದು ಕೇಂದ್ರ. ಅಲ್ಲಿನ ಮುದುಕ ಗೋಪಾಲನ ಮುರುಕು ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿ ಯಾರಿಗೋ ಫೋನ್ ಮಾಡಿದ. ಮುಕ್ಕಾಲು ಗಂಟೆಯಲ್ಲಿ ಒಬ್ಬಳು ಹೆಣ್ಣುಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ತೇಜಸ್ವಿನಿ. ಹಾವೇರಿಯವಳು. ಓದಲು ಬಂದು, ರಾತ್ರಿ ಆಫೀಸುಗಳ ಕಕ್ಕಸು ತೊಳೆದು ಫೀಸು ಕಟ್ಟಿ, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಈಗ ಟಾರ್ನೀಟ್‌ನಲ್ಲಿ ಮನೆ ಮಾಡಿಕೊಂಡು ನಾವಿಕರ ಕೇಸು ನಡೆಸುವ ವಕೀಲರ ಕಚೇರಿಯಲ್ಲಿ ಕೆಲಸಕ್ಕಿದ್ದಳು.

"ಅಣ್ಣಾರ, ಕನ್ನಡದಾಗ ಮಾತಾಡೋಣಲ್ರಿ?" ಎಂದಳು.

ಕನ್ನಡ ಕೇಳಿದ್ದೇ ಗೋಪಾಲ ಎದ್ದು ನಿಂತ. "ಬೇಡ. ಇಂಗ್ಲಿಷಲ್ಲೇ ಮಾತಾಡಿ."

"ಯಾಕ್ರೀ?"

"ಕನ್ನಡದಲ್ಲಿ ಒಂದ್ಸಲ ಮೋಸ ಆಯ್ತು."

ಅವಳು ನಗಲಿಲ್ಲ. ಕುರ್ಚಿ ಎಳೆದು ಕೂತಳು. "ಆತು, ನಾ ಪುಸ್ತಕ ಕೇಳೂದಿಲ್ಲ, ಸೈನ್ ಕೇಳೂದಿಲ್ಲ. ಮೊದ್ಲ ನಾ ಹೇಳ್ತೀನಿ, ನೀವು ಕೇಳ್ರಿ. ಮಾಲೀಕ ಯಾವ ದೇಶದಾಗ ಅದಾನೋ ಹುಡುಕೂದು ಬ್ಯಾಡ. ಅವ್ನ ಹಡಗು ಇಲ್ಲೈತಿ. ಕೋರ್ಟು ಮನಿಷ್ಯಾನ್ನ ಅಲ್ಲ, ಹಡಗನ್ನ ಹಿಡಿತೈತಿ. ಆರೋಪಿ ಅಂದ್ರ ಹಡಗ. ಅದರ ಗಾಜಿಗೆ ವಾರಂಟ್ ಅಂಟಿಸಿದ್ರ ಅದು ಒಂದು ಗೇಣು ಅಲ್ಲಾಡಂಗಿಲ್ಲ. ಮಾಲೀಕ ರೊಕ್ಕ ಕಟ್ಟಿ ಬಿಡಿಸ್ಕೊಬೇಕು, ಇಲ್ಲಾ ಹಡಗ ಹರಾಜಿಗೆ ಹೋಗ್ತೈತಿ. ಹರಾಜಿನ ರೊಕ್ಕದಾಗ ಬ್ಯಾಂಕಿನ ಸಾಲಕ್ಕಿಂತ ಮೊದ್ಲ ನಿಮ್ಮ ಸಂಬಳ."

ಇದು ಇಂದು ನಿನ್ನೆಯ ಕಾನೂನಲ್ಲ ಎಂದಳು. ನಾನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಸಮುದ್ರದ ವ್ಯಾಜ್ಯಗಳಿಗೆಂದೇ ಒಂದು ಕೋರ್ಟಿತ್ತು. ಸಂಬಳ ಸಿಗದ ನಾವಿಕರು ಒಟ್ಟಾಗಿ ಅಲ್ಲಿಗೆ ಹೋಗುತ್ತಿದ್ದರು. ಕೊಳೆತ ಮಾಂಸ ತಿನ್ನಿಸಿದರು, ನೀರು ಕೊಡಲಿಲ್ಲ, ಹಣ ತೆತ್ತು ಹಡಗು ಹತ್ತಿದ ಪ್ರಯಾಣಿಕರನ್ನು ಸಾಯಲು ಬಿಟ್ಟರು ಎಂದು ಹೇಳಿಕೆ ಕೊಡುತ್ತಿದ್ದರು. ಗುಮಾಸ್ತರು ಬರೆದುಕೊಳ್ಳುತ್ತಿದ್ದರು. ಅಕ್ಷರ ಬಾರದವರು ಹೆಸರಿನ ಬದಲು ಗುರುತು ಹಾಕುತ್ತಿದ್ದರು. ಕೋರ್ಟಿನವನು ಬಂದು ವಾರಂಟನ್ನು ಹಡಗಿನ ಹಾಯಿ ಕಟ್ಟುವ ಕೂವೆಮರಕ್ಕೆ ಹಚ್ಚುತ್ತಿದ್ದ. ಮಾಲೀಕರ ವಾದ ಅಂದೂ ಒಂದೇ: ಸರಕು ಮುಟ್ಟಿ ಬಾಡಿಗೆ ಬಂದರೆ ತಾನೆ ಸಂಬಳ? ಓದುವಾಗ ತಾನು ಆ ಹೇಳಿಕೆಗಳನ್ನು ನೋಡಿದ್ದಾಗಿ ತೇಜಸ್ವಿನಿ ಹೇಳಿದಳು.

"ಅವ್ರಿಗೆ ಎಂತ ಸಿಕ್ತು?" ಎಂದು ಗೋಪಾಲ ಕೇಳಿದ.

"ಕೆಲವ್ರಿಗೆ ಸಂಬಳ. ಕೆಲವ್ರಿಗೆ ಏನೂ ಇಲ್ಲ. ಆದ್ರ ಅವ್ರು ಹೇಳಿದ್ದು ಇನ್ನೂ ಹಂಗ ಐತ್ರಿ. ಯಾವ ಹಡಗ, ಯಾವ ಕ್ಯಾಪ್ಟನ್, ಯಾರು ನೀರು ಕೊಡ್ಲಿಲ್ಲ. ಎಲ್ಲಾ ಹೆಸರ ಸಮೇತ."

ಗೋಪಾಲ ಕೂತ. ಹೆಸರ ಸಮೇತ ಎಂಬ ಮಾತು ಅವನ ಹೊಟ್ಟೆಯೊಳಗೆ ಇಳಿಯಿತು. ಹಸಿದವನಿಗೆ ಅನ್ನ ಇಳಿದ ಹಾಗೆ ಇಳಿಯಿತು. ಆಮೇಲೆ ಅವನು ಕನ್ನಡದಲ್ಲೇ ಗೋಡೆಯ ಕಥೆ ಹೇಳಿದ. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದ.

"ಫೋಟೋ ಹೆಂಗ್ ಬೇಕಂಗ ತಿದ್ದಬಹುದು, ಸುಳ್ಳು ಅಂತಾರ. ಗೋಡಿಗೆ ಹಂಗ ಅನ್ನಾಕ ಬರೂದಿಲ್ಲ. ಬಣ್ಣ ಯಾವಾಗ ಹೊಡಿತಾರ?"

"ಹಡಗು ಹೊರಟ ಕೂಡ್ಲೆ."

"ಹೊರಡೂದು ಯಾವಾಗ?"

"ಐದಕ್ಕೆ."

ಗಂಟೆ ಹನ್ನೊಂದೂವರೆ. ತೇಜಸ್ವಿನಿ ಲ್ಯಾಪ್‌ಟಾಪ್ ತೆರೆದಳು. ಅವನು ಹೇಳಿದ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಪ್ರತಿ ಸಾಲನ್ನೂ ಕನ್ನಡದಲ್ಲಿ ತಿರುಗಿ ಓದಿಸಿಕೊಂಡ. ಸಂಪತ್ ಬಿದ್ದ ಹೊತ್ತಿನ ಮುಂದೆ 'ಸುಮಾರು' ಎಂದಿತ್ತು. "ಸುಮಾರು ಅಲ್ಲ, ಎರಡು ಗಂಟೆ ಹತ್ತು ನಿಮಿಷ," ಎಂದು ತಿದ್ದಿಸಿದ. ಮತ್ತೊಂದು ಕಡೆ ಅವಳು ಕೈ ತಡೆದಳು. ಉಳಿದ ಹದಿನೆಂಟು ಜನ ಸಹಿ ಹಾಕಿದ್ದಾರೆ, ಕೇಸು ಹಾಕುವವರು ನೀವೊಬ್ಬರೇ, ಮುಂದೆ ನಿಮಗೆ ಹಡಗಿನ ಕೆಲಸ ಸಿಗಲಿಕ್ಕಿಲ್ಲ, ಇದನ್ನು ನಾನು ಹೇಳಲೇಬೇಕು ಎಂದಳು.

"ಟೈಪ್ ಮಾಡಿ," ಎಂದ ಗೋಪಾಲ.

ಮೂರೂವರೆಗೆ ಕೋರ್ಟಿನ ಮಾರ್ಷಲ್ ಇಬ್ಬರು ಸಹಾಯಕರೊಂದಿಗೆ ಹಡಗಿನ ಏಣಿ ಹತ್ತಿದಳು. ತಲೆ ನರೆತ, ಗಟ್ಟಿ ಬೂಟಿನ ಹೆಂಗಸು. ಹೊರಗೆ ಅಲ್ಲಿನ ಬೇಸಿಗೆ, ಫೆಬ್ರವರಿಯ ಬಿಸಿಲು ನಲವತ್ತು ದಾಟಿತ್ತು. ಪೈಲಟ್ ಬರುವ ಹೊತ್ತಾಯಿತು ಎಂದು ಕ್ಯಾಪ್ಟನ್ ಅಡ್ಡ ಬಂದ. ಅವಳು ಅವನನ್ನು ದಾಟಿ ಹೋಗಿ, ಹಡಗು ನಡೆಸುವ ಮೇಲಿನ ಕೋಣೆಯ ಗಾಜಿಗೆ ವಾರಂಟ್ ಇಟ್ಟು ನಾಲ್ಕು ಕಡೆ ಟೇಪ್ ಎಳೆದಳು. ಟೇಪ್ ಹರಿದ ಸದ್ದು ನಾಲ್ಕು ಸಲ ಕೇಳಿತು. ಹಡಗು ಬಂಧನದಲ್ಲಿತ್ತು.

ಸಹಿ ಹಾಕಿದವರು ಡೆಕ್ಕಿನ ಮೇಲೆ ಗೋಪಾಲನನ್ನು ಸುತ್ತುವರಿದರು. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಬೋಸನ್ ಅವನ ಅಂಗಿ ಹಿಡಿದು, ನಮ್ಮ ಟಿಕೆಟ್ ಕಳೆದೆಯಲ್ಲೋ ಎಂದು ಹಿಂದಿಯಲ್ಲಿ ಬೈದು ಕ್ಯಾಕರಿಸಿ ಉಗಿದ. ಗೋಪಾಲ ಕೆನ್ನೆ ಒರೆಸಿಕೊಂಡ. ಹೆದರಿಸಿ ಹಾಕಿಸಿದ ಸಹಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ನೀವೂ ಎಂಟೂ ತಿಂಗಳ ಸಂಬಳ ಕೇಳಬಹುದು ಎಂದು ತೇಜಸ್ವಿನಿ ಹಿಂದಿಯಲ್ಲಿ ಹೇಳಿದ ಮೇಲೆ ಬೋಸನ್ ಅಂಗಿ ಬಿಟ್ಟ. ಕ್ಷಮೆ ಕೇಳಲಿಲ್ಲ. ಗೋಪಾಲನಿಗೆ ಅದು ಬೇಕೂ ಇರಲಿಲ್ಲ.

ಶ್ರೀನಾಥ್ ಓಡೋಡಿ ಬಂದ. ಇಂಜಿನ್ ಕೋಣೆಯ ಗೋಡೆಯನ್ನು ದಾಖಲು ಮಾಡಬೇಕು ಎಂದು ತೇಜಸ್ವಿನಿ ಕೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಅದೆಲ್ಲ ಕೆಲಸಗಾರರ ಗೀಚು, ಅರ್ಥವಿಲ್ಲದ್ದು ಎಂದು ಇಂಗ್ಲಿಷಿನಲ್ಲಿ ಹೇಳಿದ. ಮಾರ್ಷಲ್ ಅವನ ಕೊರಳ ಚೀಟಿ ನೋಡಿದಳು. ನಿನಗೆ ಆ ಭಾಷೆ ಬರುತ್ತದೆಯೇ ಎಂದಳು. ಅವನು ಉತ್ತರಿಸುವ ಮೊದಲೇ ತೇಜಸ್ವಿನಿ ಹೇಳಿದಳು: ಇವರೂ ಕನ್ನಡದವರೇ, ಚೆನ್ನಾಗಿ ಬರುತ್ತದೆ. ನಾನು ಓದಿದರೆ ಕಂಪನಿ ತಕರಾರು ತೆಗೆಯಬಹುದು. ಕಂಪನಿಯವರೇ ಓದಲಿ. ಗೀಚು ಅನ್ನುವುದಾದರೆ ಅಲ್ಲೇ ನಿಂತು ಗೀಚು ಎಂದು ಹೇಳಲಿ, ಅದನ್ನೂ ದಾಖಲು ಮಾಡೋಣ.

ಶ್ರೀನಾಥನಿಗೆ ಬೇರೆ ದಾರಿ ಇರಲಿಲ್ಲ. ಇಳಿದ.

ನಾಲ್ಕು ಏಣಿ. ಒಂದೊಂದು ಇಳಿದ ಹಾಗೂ ಗಾಳಿ ದಪ್ಪವಾಗುತ್ತದೆ. ಜನರೇಟರಿನ ಸದ್ದು ಎದೆಗೆ ಗುದ್ದುತ್ತದೆ. ಮಾರ್ಷಲ್‌ಳ ಸಹಾಯಕ ಎಲ್ಲರಿಗೂ ಒಂದೊಂದು ನೀರಿನ ಬಾಟಲಿ ಕೊಟ್ಟಿದ್ದ. ಶ್ರೀನಾಥ್ ತನ್ನದನ್ನು ಎರಡನೆಯ ಏಣಿಯಲ್ಲೇ ಖಾಲಿ ಮಾಡಿದ. ಕೊಳವೆಯ ಬಳಿ ಬರುವ ಹೊತ್ತಿಗೆ ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಗೋಡೆಯ ಶಾಖಮಾಪಕ ನಲವತ್ಮೂರು ತೋರಿಸುತ್ತಿತ್ತು.

ಸಹಾಯಕ ಕ್ಯಾಮೆರಾ ಎತ್ತಿದ. ಗೋಪಾಲ ಟಾರ್ಚ್ ಹಿಡಿದ. ಸಂಪತ್‌ನ ಅಂಕಿಗಳು ಬೆಳಕಿಗೆ ಬಂದವು.

"ಒಂದು," ಎಂದ ಶ್ರೀನಾಥ್. ಕೆಮ್ಮಿದ. "ಒಂದು. ನೂರ ನಲವತ್ತು. ನಲವತ್ನಾಲ್ಕು." ತೇಜಸ್ವಿನಿ ಇಂಗ್ಲಿಷಿನಲ್ಲಿ ಬರೆದುಕೊಂಡಳು. "ಎರಡು. ನೂರ ಮೂವತ್ತೊಂದು. ನಲವತ್ತೈದು."

ಗೀಚು ಎಂದು ಹೇಳುವ ಹೊತ್ತು ಮೀರಿತ್ತು. ತಾನೇ ಓದುತ್ತಿದ್ದ.

ಆರನೆಯ ಸಾಲು ಓದುವಾಗ ಅವನ ನಾಲಿಗೆ ತೊದಲಿತು. "ಗೋಪಾಲ್," ಎಂದ, ಕ್ಯಾಮೆರಾಗೆ ಕೇಳದ ಹಾಗೆ. "ನೀವು ಕೇಳಿದಷ್ಟು ಕೊಡಿಸ್ತೀನಿ. ಎಂಟು ತಿಂಗಳಲ್ಲ, ಹದಿನಾರು. ನನ್ನ ಹೆಸರು ಮಾತ್ರ ಬಿಡಿಸಿ. ನನ್ ಕೆಲಸ ಹೋಗುತ್ತೆ. ನಿಮಗೇನ್ ಸಿಗುತ್ತೆ ಅದ್ರಿಂದ?"

"ನಿಮ್ಮ ಹೆಸ್ರೇ ಸಿಗ್ತದೆ. ಏಳನೇ ಸಾಲು ಓದಿ."

"ಸ್ವಲ್ಪ... ನೀರು ಇದ್ಯಾ?"

ಗೋಪಾಲನ ಕೈಯಲ್ಲಿ ಬಾಟಲಿ ಇತ್ತು, ಇನ್ನೂ ಒಡೆಯದ್ದು. ತಂಪಿಗೆ ಅದರ ಮೈಮೇಲೆ ಹನಿ ಕಟ್ಟಿತ್ತು. ಮುಚ್ಚಳ ತಿರುಗಿಸಿದ. ಶ್ರೀನಾಥ್ ಕೈ ಚಾಚಿದ.

ಗೋಪಾಲ ಬಾಟಲಿಯನ್ನು ತನ್ನ ಬಾಯಿಗೆ ಎತ್ತಿದ. ಗಂಟಲು ಮೇಲೆ ಕೆಳಗೆ ಆಡುವುದು ಶ್ರೀನಾಥನಿಗೆ ಕಾಣುವ ಹಾಗೆ ನಿಂತು, ನಿಧಾನವಾಗಿ, ಕೊನೆಯ ಹನಿಯವರೆಗೆ ಕುಡಿದ. ಮುಂಗೈಯಿಂದ ಬಾಯಿ ಒರೆಸಿಕೊಂಡ. ನಾಚಿಕೆಯಾಗುತ್ತದೇನೋ ಎಂದು ಒಂದು ಗಳಿಗೆ ಕಾದ. ಆಗಲಿಲ್ಲ.

"ಇನ್ನೂ ಹದಿನೇಳು ಸಾಲು ಇದೆ," ಎಂದ. "ಕೊನೇ ದಿನ ಟ್ಯಾಂಕಲ್ಲಿ ಎಷ್ಟು ನೀರು ಉಳಿದಿತ್ತು ಹೇಳಿ ಅಲ್ಲಿ ಬರ್ದಿದೆ. ಓದಿ."

ಶ್ರೀನಾಥ್ ಗೋಡೆಯ ಕಡೆ ತಿರುಗಿದ. ತುಟಿ ನೆಕ್ಕಿಕೊಂಡ.

"ಏಳು," ಎಂದ.

"ಗಟ್ಟಿಯಾಗಿ," ಎಂದ ಗೋಪಾಲ.